ಬೆಕ್ಕು ದಾಟಿದರೆ ಗಾಡಿ ಯಾಕೆ ನಿಲ್ಲುತ್ತದೆ?

ಭೂಮಿ ಇನ್ನೂ ಹೊಸದಾಗಿತ್ತು. ಬೆಟ್ಟಗಳ ಮೈಮೇಲಿನ ಮಣ್ಣು ಒಣಗಿರಲಿಲ್ಲ, ನದಿಗಳಿಗೆ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಆಗ ಮುದ್ದಯ್ಯ ಎಂಬವನು ಮರ ಕಡಿದು, ಕೆತ್ತಿ, ಎರಡು ಚಕ್ರ ಮಾಡಿ, ಲೋಕದ ಮೊಟ್ಟಮೊದಲ ಗಾಡಿ ಕಟ್ಟಿದ. ಆಮೇಲೆ ಅವನ ಜಂಬ ಕೇಳಬೇಕೆ! ನಡೆದು ಹೋಗುವವರನ್ನೆಲ್ಲ ಕರೆದು ಕರೆದು ತೋರಿಸುತ್ತಿದ್ದ.

ಅದೇ ಊರಿನಲ್ಲಿ ಬೂದಿ ಎಂಬ ಬೆಕ್ಕು ಇದ್ದಳು. ಬೂದಿಗೆ ಮೂರು ಮರಿ. ಮರಿಗಳಿಗೆ ಏಳು ಮನೆ ತೋರಿಸಬೇಕು ಅನ್ನುವುದು ಬೆಕ್ಕುಗಳ ಪದ್ಧತಿ. ಬೂದಿ ಐದು ಮನೆ ಮುಗಿಸಿದ್ದಳು. ಬಿಸಿಲು ಚುರುಗುಟ್ಟುತ್ತಿತ್ತು. ದಾರಿಯಲ್ಲಿ ಮುದ್ದಯ್ಯನ ಗಾಡಿ ನಿಂತಿತ್ತು. ಮೇಲೆ ಸೂರು, ಕೆಳಗೆ ತಂಪು ನೆರಳು. ಇದೇ ಆರನೆಯ ಮನೆ ಅಂದುಕೊಂಡು ಮರಿಗಳನ್ನು ಅದರ ಕೆಳಗೆ ಮಲಗಿಸಿದಳು, ಪಾಪ. ಮನೆ ಎದ್ದು ಹೊರಟುಬಿಡುತ್ತದೆ ಅಂತ ಯಾರಿಗೆ ತಾನೇ ಗೊತ್ತು?

ಏಳನೆಯದು ದಾರಿಯ ಆಚೆ, ಕುಂಬಾರರ ಚೆನ್ನಾಜಮ್ಮನ ಮನೆ. ಮರಿಗಳು ಒಂದು ನಿದ್ದೆ ತೆಗೆದ ಮೇಲೆ ಬೂದಿ ಒಂದೊಂದನ್ನೇ ಬಾಯಲ್ಲಿ ಕಚ್ಚಿಕೊಂಡು ದಾಟಿಸತೊಡಗಿದಳು. ಒಂದು ಮರಿ ದಾಟಿತು. ಎರಡನೆಯದೂ ದಾಟಿತು. ಅಷ್ಟರಲ್ಲಿ ಮುದ್ದಯ್ಯ ಊಟ ಮುಗಿಸಿ ಬಂದು, ಎತ್ತು ಹೂಡಿ, ಗಾಡಿ ಹತ್ತಿದ. ಚಕ್ರ ಕಿರ್ ಅಂದಿತು.

ಬೂದಿಯ ಜೀವ ಬಾಯಿಗೆ ಬಂತು. "ಚಕ್ರಣ್ಣಾ, ಉರುಳಬೇಡ! ನನ್ನ ಕಿರಿಯದು ನಿನ್ನ ಮುಂದೆಯೇ ಮಲಗಿದೆ!"

"ನನಗೆ ಕಣ್ಣಿಲ್ಲ ಕಣವ್ವ," ಅಂದಿತು ಚಕ್ರ. "ಎಳೆದರೆ ಉರುಳೋದೊಂದೇ ಗೊತ್ತು. ಮೇಲೆ ಕೂತೋನಿಗೆ ಹೇಳು."

"ಗಾಳಿಯಣ್ಣಾ, ನೀನಾದರೂ ಅವನಿಗೆ ಹೇಳೋ!"

"ಹೇಳಿದೆ ಕಣವ್ವ," ಅಂದಿತು ಗಾಳಿ. "ಅವನ ಕಿವಿ ತುಂಬ ಎತ್ತಿನ ಗೆಜ್ಜೆ ಸದ್ದೇ ತುಂಬಿದೆ."

ಬೂದಿ ಹಿಂದೆಮುಂದೆ ನೋಡಲಿಲ್ಲ. ಬಾಲ ಎತ್ತಿಕೊಂಡು ಎತ್ತುಗಳ ಮೂಗಿನ ಮುಂದೆಯೇ ಅಡ್ಡ ಓಡಿದಳು. ಎತ್ತುಗಳು ಬೆಚ್ಚಿ ನಿಂತವು.

"ಥೂ! ಈಗಿನ್ನೂ ಹೊರಟಿದ್ದೀನಿ, ಆಗಲೇ ಅಡ್ಡ ಬಂದ್ಯಾ?" ಮುದ್ದಯ್ಯ ರೇಗಿದ.

"ಅಡ್ಡ ಬರೋಕೆ ನನಗೇನು ಹುಚ್ಚೇನಪ್ಪಾ? ಕೆಳಗೆ ಬಗ್ಗಿ ನೋಡು."

ಬಗ್ಗಿ ನೋಡಿದ. ಚಕ್ರದ ಮುಂದೆ ಕಿರಿಮರಿ ಹೊಟ್ಟೆ ಮೇಲೆ ಮಾಡಿಕೊಂಡು ಸುಖವಾಗಿ ನಿದ್ದೆ ಹೊಡೆಯುತ್ತಿತ್ತು. ಗಾಡಿ ಇನ್ನೊಂದು ಚೂರು ಮುಂದೆ ಹೋಗಿದ್ದರೆ ಅದರ ಕಥೆ ಮುಗಿಯುತ್ತಿತ್ತು. ಮುದ್ದಯ್ಯನ ಜಂಬವೆಲ್ಲ ಇಳಿದುಹೋಗಿ ಕಣ್ಣು ತುಂಬಿ ಬಂತು. ಅವನ ಮನೆಯಲ್ಲೂ ತೊಟ್ಟಿಲ ಕೂಸಿತ್ತು. ಕೆಳಗಿಳಿದು, ಬೂದಿ ಮರಿಯನ್ನು ಕಚ್ಚಿಕೊಂಡು ದಾಟುವವರೆಗೂ ಎತ್ತುಗಳ ಮೂಗುದಾರ ಹಿಡಿದು ನಿಂತ.

"ಇನ್ನು ಮೇಲೆ ಬೆಕ್ಕು ದಾಟಿದರೆ ಒಂದು ಗಳಿಗೆ ನಿಂತೇ ಹೋಗ್ತೀನಿ ತಾಯಿ," ಅಂದ. "ಹಿಂದೆ ಇನ್ನೊಂದು ಉಳಿದಿರಬಹುದು."

ಆ ಮಾತನ್ನು ತನ್ನ ಮಕ್ಕಳಿಗೆ ಹೇಳಿದ. ಮಕ್ಕಳು ಮೊಮ್ಮಕ್ಕಳಿಗೆ ಹೇಳಿದರು. ಮರಿಮಕ್ಕಳ ಹೊತ್ತಿಗೆ ನಿಲ್ಲಬೇಕು ಅನ್ನುವುದು ನೆನಪಿತ್ತು, ಯಾಕೆ ಅನ್ನುವುದು ಮರೆತೇಹೋಗಿತ್ತು. ಸುಮ್ಮನಿರಲಾರದೆ ಅಪಶಕುನ ಅಂತ ಒಂದು ಕಾರಣ ಹೊಸೆದರು. ಭಾರಿ ಜಾಣರು!

ಅದಕ್ಕೇ ಮಗು, ಇವತ್ತಿಗೂ ಬೆಕ್ಕು ದಾಟಿದರೆ ಕಾರು ಗಕ್ಕನೆ ನಿಲ್ಲುತ್ತದೆ. ಒಳಗಿರುವವರು ಮುಖ ಸಿಂಡರಿಸಿ ಬೈಯುತ್ತಾರೆ. ಬೈದುಕೊಳ್ಳಲಿ ಬಿಡು, ಅಷ್ಟು ಹೊತ್ತಿಗೆ ಕಿರಿಯದೂ ದಾಟಿರುತ್ತದೆ.