ಕೊನೆಯ ಹಾಲು

"ಗುರುಗಳೇ, ನಿಮ್ಮ ಋಣ ತೀರಿಸದೆ ನಾನು ಹೇಗೆ ಹೊರಡಲಿ?" ಎಂದು ಮುರಿಗೆಯ್ಯ ಕೇಳಿದ.

ಅವನು ಗುರುಗಳ ಮಠದಲ್ಲೇ ಉಂಡು, ಅಲ್ಲೇ ಕಲಿತು ದೊಡ್ಡವನಾದವನು. ಒಂದು ಹಳ್ಳಿಯವರು ತಮ್ಮ ಮಕ್ಕಳಿಗೆ ಅಕ್ಷರ ಕಲಿಸಲು ಅವನನ್ನು ಕಳಿಸಿಕೊಡಿ ಎಂದು ಬಂದು, ಮಕ್ಕಳ ಸಮೇತ ಬೆಳಗಿನಿಂದ ಅಂಗಳದಲ್ಲಿ ಕೂತಿದ್ದರು. ಮುರಿಗೆಯ್ಯ ಒಲ್ಲೆ ಎನ್ನುತ್ತಿದ್ದ. ಗುರುಗಳ ಕಾಲೊತ್ತಿಕೊಂಡು ಇಲ್ಲೇ ಇದ್ದುಬಿಡಬೇಕು, ತಿಂದ ಅನ್ನಕ್ಕೆ ಅದೇ ಸರಿ ಎಂದು ಅವನ ಮನಸ್ಸು.

"ಕೂಡು ಬಾರಪ್ಪ, ಕಾಲು ಆಮೇಲೆ ಒತ್ತುವೆಯಂತೆ. ಮೊದಲು ಒಂದು ಹಸುವಿನ ಕತೆ ಕೇಳು" ಎಂದ ಗುರುಗಳು ಹೇಳತೊಡಗಿದರು.

ಬೀದರದ ಕಡೆ ಒಬ್ಬ ರೈತನಿದ್ದ. ಅವನ ಹೆಂಡತಿ ಹೆತ್ತು ಕಾಯಿಲೆ ಬಿದ್ದಳು. ಎದೆಯಲ್ಲಿ ಹಾಲಿಲ್ಲ. ಕೂಸು ಅತ್ತು ಅತ್ತು ದನಿ ಕಳೆದುಕೊಂಡಿತು. ಸುದ್ದಿ ತಿಳಿದ ಪಕ್ಕದೂರಿನ ಮುದುಕನೊಬ್ಬ ತನ್ನ ದೇವಣಿ ತಳಿಯ ಹಸುವನ್ನು ಕರುವಿನ ಸಮೇತ ಹೊಡೆದುಕೊಂಡು ಬಂದು ಇವನ ಗೂಟಕ್ಕೆ ಕಟ್ಟಿದ. ಬಿಳಿ ಮೈ, ಮೇಲೆ ಕರಿ ಮಚ್ಚೆ, ಜೋತುಬಿದ್ದ ಕಿವಿ. "ಇಟ್ಟುಕೋ ತಮ್ಮಾ, ನಮ್ಮನ್ಯಾಗ ಇನ್ನೂ ಅದಾವ" ಎಂದು ಹೋಗಿಯೇ ಬಿಟ್ಟ. ಆ ಗಟ್ಟಿ ಹಾಲಿಗೆ ನೀರು ಬೆರೆಸಿ ಕಾಯಿಸಿ ಕುಡಿಸಿದರು. ಕೂಸು ಉಳಿಯಿತು. ಹೆಂಡತಿಯೂ ಎದ್ದು ಓಡಾಡಿದಳು.

ರೈತ ಉಪಕಾರ ಮರೆಯುವವನಲ್ಲ. ಈ ಹಸು ಮತ್ತೆ ಈದರೆ ದಿನಾ ಹಸು ಕೊಟ್ಟ ಮುತ್ಯಾನ ಮನೆಗೆ ತುಂಬಿದ ತಂಬಿಗೆ ಒಯ್ಯುತ್ತೇನೆ ಎಂದು ದೇವರ ಮುಂದೆ ಹೇಳಿಕೊಂಡ. ಹಸು ಈದಿತು, ಹೆಣ್ಣುಗರು. ರೈತ ಮಾತಿಗೆ ತಪ್ಪಲಿಲ್ಲ. ಹಾಲು ಇಳಿಯುವಷ್ಟು ಹೊತ್ತು ಮಾತ್ರ ಕರುವನ್ನು ಕೆಚ್ಚಲಿಗೆ ಬಿಟ್ಟು, ಎಳೆದು ಕಟ್ಟಿ, ನಾಲ್ಕೂ ಮೊಲೆಗಳನ್ನು ಕೊನೆಯ ಹನಿಯವರೆಗೆ ಹಿಂಡಿದ. ಮುದುಕ ಮಗಳ ಊರಿಗೆ ಹೋಗಿದ್ದ, ಸೊಸೆ ಹಾಲು ತೆಗೆದಿಟ್ಟುಕೊಳ್ಳುತ್ತಿದ್ದಳು. ತಂಬಿಗೆ ಹಿಡಿದು ನಡೆಯುವಾಗ ದಾರಿಯುದ್ದಕ್ಕೂ ರೈತನ ಎದೆ ತುಂಬಿ ಬರುತ್ತಿತ್ತು. ಇತ್ತ ಕರುವಿನ ಪಕ್ಕೆಲುಬುಗಳು ಎದ್ದು ಕಾಣತೊಡಗಿದವು. ಎಳೆಗರು, ಹೀಗೇ ಇರುತ್ತದೆ ಎಂದುಕೊಂಡ ಪುಣ್ಯಾತ್ಮ.

ಮುದುಕ ಊರಿಗೆ ಮರಳಿದ. ರೈತ ತಂದ ಹಾಲನ್ನು ಒಂದು ಗುಟುಕು ಕುಡಿದವನೇ ಲೋಟ ಕೆಳಗಿಟ್ಟ. ತುಟಿಗೆ ಕೆನೆ ಮೆತ್ತಿಕೊಂಡಿತ್ತು.

"ಅಯ್ಯೋ, ಕೊನೇ ಗಟ್ಟಿ ಹಾಲೂ ಇದರಾಗ ಬಂದದಲ್ಲೋ! ಕರು ಏನು ಕುಡೀತು?"

ಕೋಲನ್ನೂ ಹಿಡಿಯದೆ ಎದ್ದು ಹೊರಟ. ರೈತ ಹಿಂದೆ ಓಡಿದ. ಕೊಟ್ಟಿಗೆಯಲ್ಲಿ ಕರು ಕತ್ತನ್ನು ನೆಲಕ್ಕೆ ಹಾಕಿ ಮಲಗಿತ್ತು. ಮುದುಕ ಅದನ್ನು ಎತ್ತಿ ನಿಲ್ಲಿಸಿ, ಬಾಯಿಗೆ ಮೊಲೆ ಕೊಟ್ಟ. ಹಸು ಅದರ ಬೆನ್ನು ನೆಕ್ಕುತ್ತ, ಬತ್ತಿದ ಕೆಚ್ಚಲಿನಿಂದಲೇ ಹೇಗೋ ಒಂದಿಷ್ಟು ಹಾಲು ಇಳಿಸಿತು.

"ಮುತ್ಯಾ, ನಿಮ್ಮ ಉಪಕಾರಕ್ಕ..." ಎಂದ ರೈತ.

"ಹುಚ್ಚಪ್ಪಾ, ಈ ಹಸು ನಾ ಮಾಡಿದ್ದಲ್ಲ. ನಮ್ಮಪ್ಪ, ಅವರಪ್ಪ, ಅವರ ಹಿಂದಿನವರು, ಎಲ್ಲಾರೂ ಮೊದಲಿನ ತೆಳು ಹಾಲು ತಾವು ಕುಡಿದು, ಕೊನೇ ಗಟ್ಟಿ ಹಾಲು ಕರುವಿಗೆ ಬಿಟ್ರು. ಮನ್ಯಾಗ ಹಿಟ್ಟಿಲ್ಲದಾಗೂ ಬಿಟ್ರು. ಅದಕ್ಕ ಈ ತಳಿ ಉಳೀತು, ನಿನ್ನ ಕೂಸೂ ಉಳೀತು. ಅವರ ಹೆಸರು ನೆನೆದರ ನನಗೂ ಕಣ್ಣಾಗ ನೀರು ಬರ್ತದ. ಆದರ ಅವರೆಲ್ಲ ಮಣ್ಣಾಗ್ಯಾರ, ತಂಬಿಗಿ ಎಲ್ಲಿಗೆ ಒಯ್ಯಲಿ? ಕರುವಿಗೆ ಬಿಡ್ತೀನಿ, ಅಷ್ಟ."

ರೈತ ಕರುವಿನ ಕೊರಳು ತಬ್ಬಿಕೊಂಡು ಅತ್ತ. ಕರು ಬದುಕಿತು, ಬೆಳೆದು ಹಸುವಾಯಿತು. ಮುಂದೆ ಮತ್ತೊಂದು ಊರಿನಲ್ಲಿ ಮತ್ತೊಂದು ಕೂಸು ಅದರ ಹಾಲು ಕುಡಿಯಿತು.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಯ್ಯ ಕಣ್ಣೊರೆಸಿಕೊಂಡ. ಅವನ ಕೈ ತಾನಾಗಿ ಅವರ ಪಾದದ ಕಡೆ ಹೋಯಿತು. ಗುರುಗಳು ಕಾಲನ್ನು ಹಿಂದಕ್ಕೆ ಎಳೆದುಕೊಂಡರು.

"ಕರು ಅಂಗಳದಲ್ಲಿ ಕಾದಿದೆ, ನೀನಿನ್ನೂ ತಂಬಿಗೆ ಹಿಡಿದು ನನ್ನ ಮುಂದೆಯೇ ಕೂತಿದ್ದೀಯಲ್ಲ!"

ಮುರಿಗೆಯ್ಯ ಎದ್ದು ಅಂಗಳದಲ್ಲಿ ಕೂತಿದ್ದ ಮಕ್ಕಳ ಕಡೆ ನಡೆದ.