ಐತಪ್ಪನ ಬಳಿಯಿದ್ದ ಬೀಗದ ಕೈಗಳು

ಮಂಗಳೂರಿನಲ್ಲಿ ನಮ್ಮ ಲೋಬೊ ಮನೆತನದ ಮಾತಿಗೆ ನಾಲ್ಕು ತಲೆಮಾರಿನಿಂದ ಬೆಲೆಯಿದೆ. ನನ್ನ ಫ್ಲ್ಯಾಟನ್ನು ಪ್ಲಂಬರ್ ಐತಪ್ಪನಿಗೇ ಮಾರುತ್ತೇನೆಂದು ನಾನು ಮಾತು ಕೊಟ್ಟಿದ್ದೆ. ನಿವಾಸಿಗಳ ಸಭೆಯಲ್ಲಿ ಅಧ್ಯಕ್ಷರು ಅಡ್ಡ ಬಂದು, ಅಲ್ಲೇ ಇದ್ದ ಐತಪ್ಪನತ್ತ ತಿರುಗಿದರು.

“ನಿಮ್ಮ ಜಾತಿಯಲ್ಲಿ ಸ್ವಂತ ಮನೆ ಇರುವವರೇ ಅಪರೂಪ. ಮನೆ ನೋಡಿಕೊಳ್ಳುವುದು ನಿನಗೆ ಹೇಗಯ್ಯಾ ಗೊತ್ತಾಗಬೇಕು?”

“ಅದೂ ಸರಿಯೇ ಸರ್,” ಎನ್ನುತ್ತ ಐತಪ್ಪ ತನ್ನ ಚೀಲದಿಂದ ಹದಿನೆಂಟು ಬೀಗದ ಕೈಗಳನ್ನು ತೆಗೆದು ಮೇಜಿನ ಮೇಲಿಟ್ಟ. ಊರಿಗೆ ಹೋಗುವಾಗ ಮನೆ ನೋಡಿಕೊಳ್ಳಲೆಂದು ನಾವೆಲ್ಲ ಅವನ್ನು ಅವನಿಗೆ ಕೊಟ್ಟಿದ್ದೆವು.

“ಇದು ನಿಮ್ಮದು,” ಎಂದು ಒಂದನ್ನು ಅಧ್ಯಕ್ಷರ ಮುಂದೆ ಸರಿಸಿದ. “ನಾಳೆ ಕಾಶಿಗೆ ಹೊರಟಿದ್ದೀರಲ್ಲ, ತುಳಸಿಗೆ ನೀರು ಹಾಕಲು ಗೊತ್ತಿರುವವರನ್ನು ಹುಡುಕಿಕೊಳ್ಳಿ.”

ಸಭೆಯೆಲ್ಲ ನಕ್ಕಿತು. ಅಧ್ಯಕ್ಷರು ತಮ್ಮ ಬೀಗದ ಕೈಯನ್ನು ಮೆಲ್ಲಗೆ ಅವನತ್ತಲೇ ತಳ್ಳಿ, “ಮಾರಾಟಕ್ಕೆ ನನ್ನ ತಕರಾರಿಲ್ಲ,” ಎಂದರು.

ನನಗೆ ಅಷ್ಟು ಸಾಲದು. ಅವರು ಐತಪ್ಪನ ಕ್ಷಮೆ ಕೇಳಬೇಕು.