ಖಾರದ ಚೀಲಕ್ಕೆ ಮುಖ ಕೊಟ್ಟ ದೆವ್ವ

ಹ್ಞೂಂಗುಟ್ಟೋರು ಮುಂದೆ ಬನ್ನಿ, ತೂಕಡಿಸೋರು ಗೋಡೆಗೆ ಒರಗಿಕೊಳ್ಳಿ. ಒಂದಾನೊಂದು ಕಾಲದಲ್ಲಿ, ಒಂದಾನೊಂದು ಊರಲ್ಲಿ, ಇಬ್ಬರು ಓರಗಿತ್ತಿಯರು ಇದ್ದರಂತೆ. ಹಿರಿಯವಳು ಮಂಚಮ್ಮ, ಕಿರಿಯವಳು ಕಾಳಕ್ಕ. ಮಂಚಮ್ಮ ಬಾಯಿ ತೆಗೆದರೆ ಊರಬಾಗಿಲಿಗೆ ಕೇಳೋದು. ಕಾಳಕ್ಕ ಬಾಯಿ ತೆಗೆಯೋದೇ ಅಪರೂಪ, ತೆಗೆದರೆ ಇದ್ದದ್ದು ಇದ್ದ ಹಾಗೆ ಹೇಳಿ ಮುಚ್ಚಿಬಿಡೋಳು. ಇವರ ಗಂಡಂದಿರು ಅಣ್ಣತಮ್ಮಂದಿರು. ಹೊತ್ತು ಹುಟ್ಟಿದರೆ ಜಗಲಿ ಮೇಲೆ ಚೌಕಾಬಾರ ಬರೆದುಕೊಂಡು ಕೂರೋರು, ಹೊತ್ತು ಮುಳುಗಿದರೆ ಉಣ್ಣೋಕೆ ಏಳೋರು. ಅವರನ್ನು ಇಲ್ಲಿಗೇ ಬಿಡೋಣ, ಅವರಿಂದ ಈ ಕತೆಗೆ ಏನೂ ಆಗಬೇಕಾದ್ದಿಲ್ಲ.

ಓರಗಿತ್ತಿಯರ ಕೈಯಲ್ಲಿ ಒಂದು ವಿದ್ಯೆ ಇತ್ತಂತೆ. ಅವರು ಹುರಿದು ಕುಟ್ಟಿದ ಖಾರದ ಪುಡಿ ಒಂದು ಚಿಟಿಕೆ ಬಿದ್ದರೆ ಹುರುಳಿಕಟ್ಟಿನ ಸಾರು ಮೂರು ಮನೆ ಆಚೆಗೆ ಘಮ್ ಅನ್ನೋದು. ಮನೆಯಲ್ಲಿ ಉಂಡು ಮುಗಿಸೋದರ ಬದಲು ಮಾರೋಣ ಅಂದಳು ಮಂಚಮ್ಮ. ಆಗಲಿ ಅಂದಳು ಕಾಳಕ್ಕ. ಈಗಿನವರು ಅದಕ್ಕೆ ಕಂಪನಿ ಅಂತಾರೆ, ಆಗಿನವರು ಪಾಲುಗಾರಿಕೆ ಅಂತಿದ್ದರು, ಎರಡರಲ್ಲೂ ಜಗಳ ಒಂದೇ. ಊರಾಚೆ ಒಂದು ದೊಡ್ಡ ಹುಣಸೆಮರ, ಅದರ ಬುಡದಲ್ಲಿ ಯಾರದ್ದೂ ಅಲ್ಲದ ಒಂದು ಒರಳುಕಲ್ಲು. ಅಲ್ಲೇ ಹುರಿದರು, ಅಲ್ಲೇ ಕುಟ್ಟಿದರು, ಬಿಳಿ ಬಟ್ಟೆಯ ಪುಟ್ಟ ಪುಟ್ಟ ಚೀಲ ಹೊಲಿದು ತುಂಬಿದರು, ಸಂತೆಗೆ ಹೊತ್ತರು. ಹೊತ್ತು ಇಳಿಯೋದರೊಳಗೆ ಬುಟ್ಟಿ ಬರಿದಾಯಿತಂತೆ.

ಅದನ್ನು ಎದುರು ಅಂಗಡಿಯಿಂದ ಸಾಹುಕಾರ ಸಾವಂದಯ್ಯ ನೋಡಿದ. ಅವನೂ ಬಿಳಿ ಚೀಲ ಹೊಲಿಸಿದ. ಅರ್ಧಕ್ಕೆ ಮೆಣಸಿನ ಪುಡಿ ತುಂಬಿದ, ಇನ್ನರ್ಧಕ್ಕೆ ಇಟ್ಟಿಗೆ ಪುಡಿ ತುಂಬಿದ, ಓರಗಿತ್ತಿಯರ ಪುಡಿ ಅಂತಲೇ ಕೂಗಿ ಕೂಗಿ ಮಾರಿದ. ಮುಂದಿನ ಸಂತೆಯಲ್ಲಿ ಜನ ಬಂದು ಓರಗಿತ್ತಿಯರನ್ನು ಸುತ್ತಿಕೊಂಡರು. ಒಬ್ಬಳು ಸಾರಿನ ತಳದಲ್ಲಿ ಕೆಸರು ನಿಂತಿತ್ತು ಅಂದಳು. ಒಬ್ಬಳು ನಮ್ಮ ಮಾವನ ಹಲ್ಲು ಹೋಯಿತು ಅಂದಳು. ಇನ್ನೊಬ್ಬಳು, ಉಣ್ಣೋಕಾಗಲಿಲ್ಲ, ಉಳಿದದ್ದರಲ್ಲಿ ಒಲೆ ಮೆತ್ತಿದೆ ಅಂದಳು. ಇಬ್ಬರೂ ಹೊತ್ತು ತಂದ ಚೀಲಗಳನ್ನು ಹಾಗೇ ಹೊತ್ತು ವಾಪಸು ನಡೆದರು. ದಾರಿಯುದ್ದಕ್ಕೂ ಮಂಚಮ್ಮ ಒಂದು ಮಾತೂ ಆಡಲಿಲ್ಲವಂತೆ. ಅದನ್ನು ಕಂಡು ಕಾಳಕ್ಕನಿಗೆ ಭಯವಾಯಿತು. ಊರು ಕಾಣೋ ಹೊತ್ತಿಗೆ ಅವಳೇ ಬಾಯಿ ತೆಗೆದಳು.

"ಅಕ್ಕ, ಎಮ್ಮೆಗೆ ಬರೆ ಹಾಕ್ತಾರೆ, ಕಂಬಳಿಗೆ ಅಂಚು ಕಟ್ತಾರೆ. ನಮ್ಮ ಚೀಲಕ್ಕೂ ಒಂದು ಗುರುತು ಬೇಕು."

ಗುರುತು ಬೇಕಾದರೆ ಕೆತ್ತೋನು ಬೇಕು. ಆ ಊರಲ್ಲಿ ಬೊಮ್ಮಣಾಚಾರಿ ಅಂತ ಒಬ್ಬ ಇದ್ದ. ಬಾಗಿಲು, ತೊಟ್ಟಿಲು, ಮರದ ಅಚ್ಚು ಕೆತ್ತೋನು. ಅವನ ಅಚ್ಚನ್ನು ಮಸಿಯಲ್ಲಿ ಅದ್ದಿ ಬಟ್ಟೆ ಮೇಲೆ ಒತ್ತಿದರೆ ಚಿತ್ರ ಹಾಗೇ ಮೂಡೋದು. ಕೈ ಬಲು ಒಳ್ಳೇದು, ಎದೆ ಮಾತ್ರ ಗುಬ್ಬಚ್ಚಿಯದು. ಯಾರು ಏನು ಹೇಳಿದರೂ ಆಗಲಿ ಅನ್ನೋನು.

ಮಂಚಮ್ಮ ಅವನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಶುರು ಮಾಡಿದಳಂತೆ. ಮೆಣಸಿನಕಾಯಿ ಬರಲಿ. ಆಗಲಿ. ಒನಕೆ ಬರಲಿ. ಆಗಲಿ. ಮನೆದೇವರು ಮಾರಮ್ಮನನ್ನ ಬಿಟ್ಟರೆ ಅವಳು ನಮ್ಮನ್ನ ಬಿಡ್ತಾಳಾ, ಅವಳೂ ಬರಲಿ. ಆಗಲಿ. ತವರಿಂದ ಹೊಡೆದುಕೊಂಡು ಬಂದ ಕೆಂದಹಸು ಬರಲಿ, ಅದರ ಕರು ಬೇಜಾರು ಮಾಡಿಕೊಳ್ಳುತ್ತೆ, ಅದೂ ಬರಲಿ. ಆಗಲಿ ಆಗಲಿ. ಮೇಲೆ ಸೂರ್ಯಚಂದ್ರರು ಇದ್ದರೆ ಶುಭ, ಅವರಿಗೂ ಜಾಗ ಮಾಡು. ಎಲ್ಲ ದೊಡ್ಡದಾಗಿ ಕಾಣಬೇಕು, ಯಾವುದೂ ಚಿಕ್ಕದಾಗಬಾರದು. ಆಚಾರಿ ಅಂಗೈಯಗಲದ ಹಲಗೆಯಲ್ಲಿ ಅಷ್ಟನ್ನೂ ಕೆತ್ತಿದ. ಒತ್ತಿದರೆ ಚೀಲದ ಮೇಲೆ ಒಂದು ಕರಿ ಮುದ್ದೆ ಬಿತ್ತು. ಸಂತೆಯಲ್ಲಿ ಒಬ್ಬ ಬಗ್ಗಿ ನೋಡಿ, ಇದು ಸತ್ತ ಏಡಿಯೋ ಬದುಕಿರೋದೋ ಅಂತ ಕೇಳಿದ. ಒಬ್ಬಳು ಚೀಲದ ಮೇಲೆ ಯಾರೋ ಉಗಿದಿದ್ದಾರೆ ಅಂತ ಮುಟ್ಟಲೇ ಇಲ್ಲ.

ಆಮೇಲೆ ಕಾಳಕ್ಕ ಹೋಗಿ ಎಲ್ಲ ತೆಗೆಸಿದಳು. ಬರೀ ಒಂದು ಮೆಣಸಿನಕಾಯಿ ಉಳಿಸಿದಳು. ಚೆಂದ ಬಂತು, ದೂರದಿಂದಲೇ ಕಂಡಿತು. ಆದರೆ ಕಂಡದ್ದು ಸಾವಂದಯ್ಯನಿಗೂ ಕಂಡಿತು. ಮರುಸಂತೆಗೆ ಅವನ ಚೀಲದ ಮೇಲೂ ಒಂದು ಮೆಣಸಿನಕಾಯಿ ಬಂತು. ಇವರು ಮಲ್ಲಿಗೆ ಹಾಕಿದರೆ ಅವನೂ ಮಲ್ಲಿಗೆ ಹಾಕಿದ, ಇವರು ಗಿಣಿ ಹಾಕಿದರೆ ಅವನೂ ಗಿಣಿ ಹಾಕಿದ. ಜನಕ್ಕೆ ಸಾಕಾಯಿತು. ಗಿಣಿ ಕಂಡರೆ ಸಾಕು, ಇಟ್ಟಿಗೆ ಬಂತು ಅಂತ ಮುಖ ತಿರುಗಿಸೋರು. ಇನ್ನೊಂದು ಸಂತೆ ಹೀಗೇ ಹೋದರೆ ಒಲೆ ಆರಿಸಿ ಮನೆಗೆ ಹೋಗೋದೇ ಅಂತ ಇಬ್ಬರೂ ಮಾತಾಡಿಕೊಂಡರಂತೆ.

ಹಾಗೆ ಮಾತಾಡಿಕೊಂಡ ದಿನವೇ, ಮಟಮಟ ಮಧ್ಯಾಹ್ನ, ಮೆಣಸಿನಕಾಯಿ ಹುರಿಯೋ ಹೊಗೆ ಹುಣಸೆಮರದ ನೆತ್ತಿಗೆ ಏರಿದಾಗ, ಮೇಲಿಂದ ಯಾರೋ ಸೀನಿದರು. ಸೀನಿದ ರಭಸಕ್ಕೆ ಹುಣಸೆಹಣ್ಣೆಲ್ಲ ಉದುರಿದವು. ಹಣ್ಣಿನ ಹಿಂದೆಯೇ ಒಂದು ದೆವ್ವ ಇಳಿದು ಬಂತಂತೆ. ಅದರ ಕಣ್ಣು ಗುಡ್ಡೆಗುಡ್ಡೆ, ಹಲ್ಲು ತುಟಿ ದಾಟಿ ಮುಂದೆ, ಎಡಗಿವಿ ಅರ್ಧ ಇಲ್ಲ. ನಾನು ಈ ಮರಕ್ಕೆ ಬಂದು ಎಷ್ಟು ಕಾಲವಾಯಿತೋ ನನಗೇ ತಿಳೀದು, ನೀವು ಬಂದ ಮೇಲೆ ಕಣ್ಣಿಗೆ ಕಣ್ಣು ಹತ್ತಿಲ್ಲ, ಸೀನೀ ಸೀನೀ ಪಕ್ಕೆ ಬಿದ್ದುಹೋಗಿದೆ ಅಂತ ಬೈಯೋಕೆ ಶುರು ಮಾಡಿತು.

ಬೈಯೋದರಲ್ಲಿ ಮಂಚಮ್ಮನಿಗೆ ಎದುರು ಯಾರಿದ್ದಾರೆ? ಒನಕೆ ಎತ್ತಿಕೊಂಡು, ಮರ ನಿಮ್ಮಪ್ಪ ನೆಟ್ಟಿದ್ದಾ ಅಂತ ಕೇಳಿದಳು.

ದೆವ್ವ ಒರಳುಕಲ್ಲಿನ ಮೇಲೆ ಕುಸಿದು ಕೂತು, "ನಮ್ಮಪ್ಪ ಯಾರು ಅನ್ನೋದೇ ಮರೆತುಹೋಗಿದೆ ಕಣವ್ವ" ಅಂತು. ಊರು ಮರೆತಿತ್ತು, ಹೆಸರು ಮರೆತಿತ್ತು. ಕೆರೆಯಲ್ಲಿ ಬಗ್ಗಿ ನೋಡಿದರೆ ಮುಖವೂ ಕಾಣದು, ದೆವ್ವಕ್ಕೆ ನೀರಲ್ಲಿ ನೆರಳು ಬೀಳೋದಿಲ್ಲವಲ್ಲ. ಹೀಗೆ ಹೇಳಿಕೊಳ್ಳುತ್ತಾ ಅದರ ಕಣ್ಣು ಪಕ್ಕದಲ್ಲಿದ್ದ ಚೀಲಗಳ ಮೇಲೆ ಬಿತ್ತು. ಈ ಗಿಣಿ ಯಾಕೆ ಅಂತ ಕೇಳಿತು. ಅದು ಗುರುತು, ಅದನ್ನು ನೋಡಿದರೆ ಇದು ಯಾರದು ಅಂತ ಜನಕ್ಕೆ ತಿಳಿಯಬೇಕು ಅಂತ ಕಾಳಕ್ಕ ಹೇಳಿದಳು. ದೆವ್ವ ಚೀಲ ಎತ್ತಿ ಗಿಣಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿತಂತೆ. ಆಮೇಲೆ, ಹಾಗಾದರೆ ನನ್ನ ಮುಖ ಹಾಕಿ ಅಂತು. ಹಾಕಿದರೆ ಎಷ್ಟು ಬೇಕಾದರೂ ಸೀನಿಕೊಂಡು ಇರ್ತೀನಿ, ಹಾಕದಿದ್ದರೆ ಈ ಒರಳುಕಲ್ಲಿಂದ ಏಳೋದಿಲ್ಲ.

ಮಂಚಮ್ಮ ಓರಗಿತ್ತಿಯನ್ನು ಆಚೆ ಎಳೆದುಕೊಂಡು ಹೋಗಿ, ಈ ಮೂತಿ ನೋಡಿ ಯಾರು ಪುಡಿ ಕೊಳ್ತಾರೆ ಅಂದಳು. ಕಾಳಕ್ಕ, ಸಾವಂದಯ್ಯ ಗಿಣಿ ಕದ್ದ ಹಾಗೆ ಇದನ್ನ ಕದಿಯಲಿ ನೋಡೋಣ ಅಂದಳು.

ಬೊಮ್ಮಣಾಚಾರಿಯನ್ನು ಕರೆತಂದರು. ಕರೆತಂದರು ಅನ್ನೋದಕ್ಕಿಂತ ಹೊತ್ತು ತಂದರು ಅನ್ನಬೇಕು. ದೆವ್ವ ಕಲ್ಲಿನ ಮೇಲೆ ನೆಟ್ಟಗೆ ಕೂತು ಗತ್ತು ಮಾಡಿಕೊಂಡಿತು. ಮೀಸೆ ಪಾಳೇಗಾರರ ಮೀಸೆಯ ಹಾಗಿರಲಿ ಅಂತು, ಹುಬ್ಬು ಬಿಲ್ಲಿನ ಹಾಗಿರಲಿ ಅಂತು, ಹಲ್ಲು ದಾಳಿಂಬೆ ಬೀಜದ ಹಾಗಿರಲಿ ಅಂತು. ಆಚಾರಿ ಕಣ್ಣು ಮುಚ್ಚಿಕೊಂಡೇ ಆಗಲಿ ಆಗಲಿ ಅಂತ ಇದ್ದಲಿನಲ್ಲಿ ಹಲಗೆ ಮೇಲೆ ಗೀಚಿದ. ಗೀಚಿದ್ದು ಬಲು ಸುಂದರವಾಗಿ ಬಂತಂತೆ, ಮದುವೆಗೆ ಹೊರಟ ಮಾರಾಜನ ಹಾಗೆ. ದೆವ್ವ ಅದನ್ನು ನೋಡಿ ಹಿಗ್ಗಿತು. ಮಂಚಮ್ಮನೂ ಬದುಕಿದೆವು ಅಂತ ಉಸಿರು ಬಿಟ್ಟಳು. ಕಾಳಕ್ಕ ಹಲಗೆ ನೋಡಿದಳು, ದೆವ್ವವನ್ನು ನೋಡಿದಳು.

"ಇದು ನೀನಲ್ಲ" ಅಂದಳು. "ನಿನಗೆ ನಿನ್ನ ಮುಖ ಬೇಕೋ, ಚೆಂದದ ಮುಖ ಬೇಕೋ?"

ಆಚಾರಿಯ ಕೈಯಿಂದ ಇದ್ದಲು ಜಾರಿತು. ಈಗ ಮೂವರನ್ನೂ ನುಂಗುತ್ತೆ ಅಂದುಕೊಂಡ. ದೆವ್ವ ನುಂಗಲಿಲ್ಲ. ಹಲಗೆಯ ಮೇಲಿನ ಮೀಸೆಯನ್ನು ಬೆರಳಲ್ಲಿ ಸವರಿತು, ಸವರಿ ಸವರಿ ಅಳಿಸಿಯೇಬಿಟ್ಟಿತು.

"ನನ್ನದೇ ಬೇಕು" ಅಂತು.

ಆಗ ಆಚಾರಿ ಹುಟ್ಟಿದ ಮೇಲೆ ಮೊದಲನೇ ಸಲ, ಹೇಳಿದ್ದನ್ನು ಬಿಟ್ಟು ಕಂಡದ್ದನ್ನು ಬರೆದ. ಬರೆಯುತ್ತಾ ಬರೆಯುತ್ತಾ ಅವನ ಹೆದರಿಕೆಯೂ ಹೋಯಿತಂತೆ, ಗಲ್ಲ ಎತ್ತು, ಬಾಯಿ ಮುಚ್ಚಬೇಡ, ನೊಣ ಓಡಿಸಬೇಡ ಅಂತ ದೆವ್ವಕ್ಕೇ ಗದರಿಸೋಕೆ ಶುರು ಮಾಡಿದ. ಬರೆದು, ಕೆತ್ತಿ, ಮಸಿ ಹಚ್ಚಿ ಚೀಲದ ಮೇಲೆ ಒತ್ತಿದ. ದೆವ್ವ ಬಗ್ಗಿ ನೋಡಿತು.

"ಹಲ್ಲು ಇಷ್ಟು ಮುಂದಿದೆಯಾ?"

"ಇದೆ" ಅಂದ ಆಚಾರಿ.

"ಇರಲಿ. ಕಿವಿ ಚೆನ್ನಾಗಿದೆ" ಅಂತ ಹೇಳಿ, ಆ ಚೀಲ ಎತ್ತಿಕೊಂಡು ಮರ ಹತ್ತಿತಂತೆ. ಪುಡಿ ಸಮೇತ ಹೋಯಿತು, ಮಂಚಮ್ಮನಿಗೆ ದುಡ್ಡು ಕೇಳೋ ಧೈರ್ಯ ಬರಲಿಲ್ಲ.

ಮೊದಲ ಸಂತೆಯಲ್ಲಿ ಮಕ್ಕಳು ಆ ಚೀಲ ಕಂಡು ಅತ್ತವು, ಬಸುರಿಯರು ಸುತ್ತು ಬಳಸಿ ಹೋದರು. ಆದರೆ ಮೊಂಡು ಗಂಡಸೊಬ್ಬ ಪಂಥಕ್ಕೆ ಬಿದ್ದು ಒಂದು ಚೀಲ ಕೊಂಡ, ಮನೆಯಲ್ಲಿ ಸಾರು ಕುದಿಯಿತು, ಘಮ ಬೀದಿ ದಾಟಿತು. ಖಾಲಿ ಚೀಲವನ್ನು ಅವನ ಹೆಂಡತಿ ಅವರೆಚಪ್ಪರಕ್ಕೆ ಕಟ್ಟಿದಳು. ಆ ವರ್ಷ ಊರಿಗೆಲ್ಲ ಹುಳ ಬಿದ್ದರೂ ಅವಳ ಅವರೆಗೆ ಬೀಳಲಿಲ್ಲವಂತೆ. ಅಷ್ಟು ಸಾಕಾಯಿತು. ಹೊಸ ಮನೆ ಕಟ್ಟೋರು, ಹಾಲು ಕರೆಯೋ ಎಮ್ಮೆ ಇಟ್ಟೋರು, ಚೆಂದದ ಕೂಸು ಹೆತ್ತೋರು, ಎಲ್ಲರೂ ದೃಷ್ಟಿಗೆ ಇರಲಿ ಅಂತ ಚೀಲ ಕೊಂಡರು. ಚೀಲಕ್ಕೆ ಅಂತ ಕೊಂಡೋರು ಪುಡಿಗೆ ಅಂತ ಮತ್ತೆ ಬಂದರು. ದೆವ್ವದ ಪುಡಿ ಅಂತಲೇ ಹೆಸರು ಬಿತ್ತು.

ಸಾವಂದಯ್ಯನ ಕೈ ಸುಮ್ಮನಿರುತ್ತಾ? ಅವನೂ ದೆವ್ವದ ಅಚ್ಚು ಮಾಡಿಸಿದ. ಮಾಡಿಸಿ ಸಾವಿರ ಚೀಲಕ್ಕೆ ಒತ್ತಿಸಿದ. ಮಟಮಟ ಮಧ್ಯಾಹ್ನ ದೆವ್ವ ಅವನ ಅಂಗಡಿಗೆ ಹೋಯಿತಂತೆ. ಹೊಡೆಯಲಿಲ್ಲ, ಬಡಿಯಲಿಲ್ಲ. ಗಾದಿ ಮೇಲೆ ಅವನ ಪಕ್ಕದಲ್ಲೇ ಕೂತು ಒಂದು ಚೀಲ ಎತ್ತಿ ನೋಡಿ, ನಾನೇನೋ ಹೌದು, ಆದರೆ ಕಿವಿ ತಪ್ಪಾಗಿದೆ, ತಿದ್ದು ಅಂತು. ಸಾವಂದಯ್ಯ ಹೊಸ ಅಚ್ಚು ಮಾಡಿಸಿದ, ಸಾವಿರ ಚೀಲ ಒಗೆಸಿ ಮತ್ತೆ ಒತ್ತಿಸಿದ. ಮಾರನೇ ದಿನ ದೆವ್ವ ಬಂದು, ಕಿವಿ ಸರಿಹೋಯಿತು, ಈಗ ಮೂಗು ಯಾಕೋ ದಪ್ಪವಾಯಿತಲ್ಲ ಅಂತು. ಅದರ ಮಾರನೇ ದಿನ, ಮೂಗು ಮೊದಲಿನದೇ ಇರಲಿ, ಕಣ್ಣಲ್ಲಿ ಜೀವ ಬೇಕು ಅಂತು. ಅದರ ಮಾರನೇ ದಿನ, ಯಾಕೆ ಅಂತ ಹೇಳೋಕೆ ಬರೋದಿಲ್ಲ, ಆದರೆ ಇದು ನನಗೆ ಹಿಡಿಸಲಿಲ್ಲ ಅಂತು. ಒಗೆದು ಒಗೆದು ಚೀಲಗಳು ಜಾಳಾದವು, ಸಾವಂದಯ್ಯ ಅವಕ್ಕಿಂತ ಜಾಳಾದ. ಕೊನೆಗೆ ಓರಗಿತ್ತಿಯರ ಬಾಗಿಲಿಗೆ ಬಂದು, ನಿಮ್ಮ ದೆವ್ವವನ್ನ ನೀವು ಕರೆದುಕೊಳ್ಳಿ ತಾಯಿ ಅಂತ ಕೈಮುಗಿದ. ಸಂತೆ ನಡುವೆ ನಿಂತು ಇಟ್ಟಿಗೆ ವಿಷಯ ಹೇಳು, ಕರೆದುಕೊಳ್ತೀವಿ ಅಂದಳು ಮಂಚಮ್ಮ. ಹೇಳಿದ. ಆಮೇಲೆ ಅವನು ಇಟ್ಟಿಗೆ ವ್ಯಾಪಾರವನ್ನೇ ಮಾಡಿದನಂತೆ, ಅದರಲ್ಲಿ ಚೆನ್ನಾಗಿಯೇ ಇದ್ದ.

ಪುಡಿ ಗಾಡಿ ಹತ್ತಿತು, ಹೊಳೆ ದಾಟಿತು, ಕಾಣದ ಊರಿಗೆಲ್ಲ ಹೋಯಿತು. ಹಾಗಿರುವಾಗ ಒಂದು ದಿನ ಸಂತೆಗೆ ಒಬ್ಬಳು ಹಣ್ಣುಹಣ್ಣು ಮುದುಕಿ ಬಂದಳಂತೆ. ಜವನಮ್ಮ ಅಂತ, ಹೊಳೆಯಾಚೆಯ ಹಳ್ಳಿಯವಳು. ಒಂದು ಖಾಲಿ ಚೀಲವನ್ನು ಎದೆಗೆ ಅವಚಿಕೊಂಡು, ಈ ಮುಖ ಬರೆದೋರು ಯಾರು ಅಂತ ಅಂಗಡಿ ಅಂಗಡಿಯಲ್ಲೂ ಕೇಳುತ್ತಾ ಬಂದಳು. ಮೊಮ್ಮಗು ಹೆದರಿತೋ ಏನೋ, ಬೈಯೋಕೆ ಬಂದಿದ್ದಾಳೆ ಅಂತ ಮಂಚಮ್ಮ ಸೆರಗು ಬಿಗಿದಳು.

"ಇವನು ನನ್ನ ತಮ್ಮ ಕಣವ್ವ" ಅಂದಳು ಮುದುಕಿ. "ಎಲ್ಲಿದ್ದಾನೆ?"

ತಾಯಿ ಸತ್ತ ಮೇಲೆ ಅವಳೇ ಸಾಕಿದ ತಮ್ಮ. ತೊಟ್ಟಿಲಲ್ಲಿದ್ದಾಗ ಕರು ಬಂದು ಕಿವಿ ಅಗಿದಿತ್ತು. ಹುಡುಗನಾಗಿದ್ದಾಗ ಉಪ್ಪು ತರೋಕೆ ಅಂತ ಸಂತೆಗೆ ಹೋದವನು ತಿರುಗಿ ಬರಲೇ ಇಲ್ಲ. ಅವನು ಬಂದ ಮೇಲೇ ಉಪ್ಪು ತಿನ್ನೋದು ಅಂತ ಅಕ್ಕ ಹಟ ಹಿಡಿದಳು, ಅವತ್ತಿಂದ ಸಪ್ಪೆಯಲ್ಲೇ ಬದುಕಿದ್ದಳು. ಇದನ್ನೆಲ್ಲ ಅವಳು ಅಳದೆ, ಸಿಟ್ಟಿನಲ್ಲೇ ಹೇಳಿದಳಂತೆ.

ಓರಗಿತ್ತಿಯರು ಎರಡೂ ಕಡೆ ರಟ್ಟೆ ಹಿಡಿದು ಅವಳನ್ನು ಹುಣಸೆಮರದ ಬುಡಕ್ಕೆ ಕರೆತಂದರು. ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದಳು.

"ಚೆಲುವ, ಇಳಿಯೋ ಕೆಳಗೆ."

ಮರ ಒಂದು ಸಲ ಅಲುಗಾಡಿ ನಿಂತಿತು. ತನ್ನ ಹೆಸರು ಚೆಲುವ ಅಂತ ಕೇಳಿ ದೆವ್ವಕ್ಕೇ ನಂಬಿಕೆ ಬರಲಿಲ್ಲವಂತೆ. ಆದರೆ ಇಳಿದು ಬಂತು, ಬಂದು ಅವಳೆದುರು ಕೂತಿತು. ಅಲ್ಲಿಗೆ ಅದು ಅವನಾದ. ಒಂದೊಂದಾಗಿ ಎಲ್ಲ ನೆನಪಾಯಿತು.

"ಉಪ್ಪು ತಂದಿದ್ದೆ ಅಕ್ಕ. ದಾರಿಯಲ್ಲಿ ಮಳೆ ಬಂದು ಎಲ್ಲ ಕರಗಿಹೋಯ್ತು. ಬರೀ ಚೀಲ ಹಿಡಿದು ಹ್ಯಾಗೆ ಬರಲಿ ಅಂತ ಈ ಮರದಡಿ ನಿಂತೆ. ಸಿಡಿಲು ಬಡೀತು."

"ಬರೀ ಕೈಲಿ ಬಂದಿದ್ದರೆ ಆಗ್ತಿತ್ತಲ್ಲೋ, ದಡ್ಡ" ಅಂದಳು ಜವನಮ್ಮ, ಆಗ ಅತ್ತಳು. ಮಂಚಮ್ಮ ಹೊಗೆ ಕಣ್ಣಿಗೆ ಹೋಯಿತು ಅಂತ ಆ ಕಡೆ ತಿರುಗಿದಳು, ಒಲೆ ಹಚ್ಚಿರಲಿಲ್ಲ.

ಒಲೆ ಆಮೇಲೆ ಹಚ್ಚಿದರು. ಓರಗಿತ್ತಿಯರ ಪುಡಿ ಹಾಕಿ ಮುದುಕಿ ಹುರುಳಿಸಾರು ಕಾಯಿಸಿದಳು, ಮುದ್ದೆ ಕಟ್ಟಿದಳು, ಸಾರಿಗೆ ಉಪ್ಪು ಹಾಕಿದಳು. ಎರಡು ಎಲೆ ಹಾಕಿ ತಮ್ಮನಿಗೆ ಬಡಿಸಿದಳು, ತಾನೂ ಬಡಿಸಿಕೊಂಡಳು. ಅಕ್ಕ ತಮ್ಮ ಎದುರಾಬದುರು ಕೂತು ಉಂಡರು. ಉಪ್ಪು ಜಾಸ್ತಿಯಾಗಿದೆ ಅಂದ ಅವನು. ರೂಢಿ ತಪ್ಪಿದೆ, ಸುಮ್ಮನೆ ಉಣ್ಣು ಅಂದಳು ಅವಳು. ಇನ್ನೊಂದು ಮುದ್ದೆ ಇಡೋಣ ಅಂತ ಅವಳು ಗಡಿಗೆಗೆ ಬಗ್ಗಿ ಎದ್ದಾಗ ಎದುರಿನ ಎಲೆ ಬಳಿದಿಟ್ಟ ಹಾಗೆ ಇತ್ತು, ಅದರ ಮುಂದೆ ಯಾರೂ ಇರಲಿಲ್ಲ.

ಮುದುಕಿಯನ್ನು ಓರಗಿತ್ತಿಯರು ವಾಪಸು ಕಳಿಸಲಿಲ್ಲವಂತೆ. ಪಾಲುಗಾರಿಕೆ ಮೂವರದಾಯಿತು. ಆಚಾರಿ ಮುಖದ ಕೆಳಗೆ ಚೆಲುವನ ಪುಡಿ ಅಂತ ಅಕ್ಷರ ಕೆತ್ತಿದ. ದೂರದೂರಿನೋರು ಮುಖ ನೋಡಿ, ಹೆಸರು ಓದಿ, ಇವನೆಂಥಾ ಚೆಲುವ ಅಂತ ನಗೋರು. ನಗಲಿ ಬಿಡು, ನಕ್ಕೋರು ಒಂದು ಚೀಲ ಕೊಂಡೇ ಹೋಗ್ತಾರೆ ಅನ್ನೋಳಂತೆ ಜವನಮ್ಮ.

ಅವರ ಸಾರು ಅವರ ಒಲೆ ಮೇಲೆ ಕುದಿಯಿತು, ನನ್ನ ಕತೆ ನಿಮ್ಮ ಕಿವಿಯಲ್ಲಿ ಇಳಿಯಿತು. ಅವರು ಉಂಡು ಅಲ್ಲಿ ಮಲಗಿದರು, ನೀವು ಎದ್ದು ಇನ್ನು ಮನೆಗೆ ನಡೀರಿ.